ರಿಯಾಯಿತಿಯ ಲ್ಯಾಪ್‌ಟಾಪ್: ಶೇಕಡಾ ಬಿಡಿ, ಮಾಡೆಲ್ ನಂಬರ್ ಹಿಡಿಯಿರಿ

ಶೇಕಡಾ 45 ಕಡಿತ ಅಂದರೆ ಯಾವ ಬೆಲೆಯ ಮೇಲೆ? ಅಡ್ಡಗೆರೆ ಎಳೆದು ತೋರಿಸುವ ಹಳೆಯ ಬೆಲೆಗೆ ಆ ಲ್ಯಾಪ್‌ಟಾಪ್ ನಿಜವಾಗಿ ಮಾರಾಟವಾಗಿತ್ತು ಎಂದು ನಂಬಬೇಕಾಗಿಲ್ಲ. ಬೆಲೆ ಇತಿಹಾಸ ತೋರಿಸುವ ತಾಣದಲ್ಲಿ ಹಿಂದಿನ ಮೂರು ತಿಂಗಳ ಏರಿಳಿತ ನೋಡಿ. ಇವತ್ತಿನ ಬೆಲೆ ಆಗಲೂ ಇದ್ದಿದ್ದರೆ ಅದು ಕಡಿತವಲ್ಲ, ಮಾಮೂಲಿ ದರ.

ಆಮೇಲೆ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ತಯಾರಕರ ತಾಣದಲ್ಲಿ ಹುಡುಕಿ. ಒಂದೇ ಸರಣಿಯ ಹೆಸರಲ್ಲಿ ಒಳ್ಳೆಯ ಪರದೆಯದೂ ಇರುತ್ತದೆ, ಕಳಪೆಯದೂ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಕೊನೆಯ ನಾಲ್ಕೈದು ಅಕ್ಷರಗಳಲ್ಲಿ.

ಹೆಚ್ಚು ಜನ ಮೋಸಹೋಗುವುದು ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳಿನಂಥ ಚಿಪ್) ಹೆಸರಿಗೆ. ಎಎಂಡಿ ಕಂಪನಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಅಕ್ಕಪಕ್ಕದವು ಅನ್ನಿಸುತ್ತವೆ. ಮೊದಲನೆಯದರಲ್ಲಿ 4 ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), ಅದೂ 2019ರ ಝೆನ್ 2 ವಿನ್ಯಾಸ. ಎರಡನೆಯದರಲ್ಲಿ 6 ಕೋರ್, ಅದಕ್ಕಿಂತ ಹೊಸ ಝೆನ್ 3 ವಿನ್ಯಾಸ. ಎಎಂಡಿಯ 7000 ಸರಣಿಯಲ್ಲಿ ಮೂರನೇ ಅಂಕಿಯೇ ವಿನ್ಯಾಸದ ತಲೆಮಾರು, ಕಣ್ಣು ಮೊದಲು ಅಲ್ಲಿಗೆ ಹೋಗಲಿ. ಇಂಟೆಲ್‌ನಲ್ಲಿ ಐ3-1215ಯುಗೆ 2 ದೊಡ್ಡ, 4 ಸಣ್ಣ ಕೋರ್‌ಗಳಿವೆ. ಎನ್100ಗೆ ಇರುವುದು 4 ಸಣ್ಣವು ಮಾತ್ರ. ಟೈಪಿಂಗ್, ಬ್ರೌಸಿಂಗ್, ವಿಡಿಯೋಗೆ ಎನ್100 ಸಾಕು, ಆದರೆ ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ಎರಡೇ ಕೋರ್‌ನ ಸೆಲೆರಾನ್ ಎನ್4020 ಎಷ್ಟು ಅಗ್ಗವಾದರೂ ಬೇಡ. ಓದುವ ಹುಡುಗರಿಗೆ ಅದನ್ನು ಕೊಡಿಸುವುದು ನಿಜಕ್ಕೂ ಅನ್ಯಾಯ: ಆನ್‌ಲೈನ್ ಕ್ಲಾಸಿನ ಜೊತೆ ನಾಲ್ಕು ಟ್ಯಾಬ್ ತೆರೆದರೆ ತಿಣುಕತೊಡಗುತ್ತದೆ.

ರ‍್ಯಾಮ್ (ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ) 8 ಜಿಬಿಗಿಂತ ಕಡಿಮೆ ಬೇಡ. ಎಷ್ಟಿದೆ ಎನ್ನುವುದರಷ್ಟೇ ಮುಖ್ಯ, ಮುಂದೆ ಹೆಚ್ಚಿಸಬಹುದೇ ಎನ್ನುವುದು. ಮೇಲೆ ಹೇಳಿದ 7520ಯು ಎಲ್‌ಪಿಡಿಡಿಆರ್5 ಎಂಬ ಬಗೆಯ ರ‍್ಯಾಮ್ ಮಾತ್ರ ಒಪ್ಪುತ್ತದೆ. ಅದು ಬೋರ್ಡಿಗೆ ಬೆಸುಗೆ (ಸೋಲ್ಡರ್) ಆಗಿಯೇ ಬರುತ್ತದೆ, ಕೊಂಡ ದಿನ ಇದ್ದಷ್ಟೇ ಕೊನೆಯವರೆಗೆ. ಬೇರೆ ಲ್ಯಾಪ್‌ಟಾಪಿನಲ್ಲಿ ಖಾಲಿ ಸ್ಲಾಟ್ ಇದ್ದರೆ ರ‍್ಯಾಮ್ ಹಾಕಿಸುವ ಖರ್ಚನ್ನು ಈಗಲೇ ಬೆಲೆಗೆ ಕೂಡಿಸಿ, ಮೊದಲೇ ಅಷ್ಟು ಮೆಮೊರಿ ಇರುವ ಮಾಡೆಲ್‌ನ ಬೆಲೆಯೊಂದಿಗೆ ಹೋಲಿಸಿ. ಎಷ್ಟೋ ಸಲ ಉಳಿತಾಯವೆಲ್ಲ ಇಲ್ಲೇ ಕರಗಿಹೋಗುತ್ತದೆ.

64 ಜಿಬಿ ಇಎಂಎಂಸಿ (ಬೋರ್ಡಿಗೇ ಕೂಡಿಸಿದ ಅಗ್ಗದ ಬಗೆಯ) ಸ್ಟೋರೇಜ್ ಕಂಡರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಿರುವುದೇ 64 ಜಿಬಿ. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ, ಇಎಂಎಂಸಿ ಸಾಮಾನ್ಯವಾಗಿ ಬದಲಿಸಲೂ ಆಗದು. ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಬಗೆಯ ಸ್ಟೋರೇಜ್), 256 ಜಿಬಿಯಾದರೂ ಇರಲಿ.

ಪರದೆ 1920×1080, ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆ) ಆಗಿರಲಿ. ವಿವರಪಟ್ಟಿಯಲ್ಲಿ ಐಪಿಎಸ್ ಎಂದು ಬರೆದಿಲ್ಲದಿದ್ದರೆ ಟಿಎನ್ ಎಂಬ ಅಗ್ಗದ ಬಗೆ ಇರಬಹುದೆಂದೇ ಎಣಿಸಿ: ಮುಚ್ಚಳವನ್ನು ತುಸು ಹಿಂದಕ್ಕೆ ಬಾಗಿಸಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕು ಕೋಣೆಯೊಳಗೆ ಸಾಕು, ಕಿಟಕಿ ಪಕ್ಕದಲ್ಲಿ ಸಾಲದು.

ಹಳೆಯ ದಾಸ್ತಾನಾದರೆ ಇನ್ನೊಂದು ಎಚ್ಚರ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳು ಬಹುಪಾಲು ವಿಂಡೋಸ್ 11 ಬೆಂಬಲಿಸುವ ಪಟ್ಟಿಯಲ್ಲಿಲ್ಲ. ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಆದರೆ ಅಪ್‌ಡೇಟ್ ನಿಲ್ಲುವ ದಿನಾಂಕ ನೋಡಿ. ಆ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ.

ಮನೆಗೆ ಬಂದಮೇಲೆ ವಾಪಸಾತಿ ಗಡುವಿನೊಳಗೆ ಪರೀಕ್ಷೆ ಮುಗಿಸಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮೂರೂ ಹೇಳಿದಂತಿವೆಯೇ ನೋಡಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿ (ಬ್ಯಾಟರಿಯ ಮೂಲ ಸಾಮರ್ಥ್ಯ), ಫುಲ್ ಚಾರ್ಜ್ ಕೆಪಾಸಿಟಿ (ಈಗ ತುಂಬುವಷ್ಟು) ಹೋಲಿಸಿ. ಹೊಸದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಸೈಕಲ್ ಕೌಂಟ್ (ಬ್ಯಾಟರಿ ಎಷ್ಟು ಸಲ ಬಳಕೆಯಾಗಿ ತುಂಬಿದೆ ಎಂಬ ಲೆಕ್ಕ) ಹತ್ತಾರು ಇದ್ದರೆ ಯಾರೋ ಬಳಸಿದ್ದು. ಸೈಕಲ್ ಇಲ್ಲದೆಯೂ ಕೆಪಾಸಿಟಿ ಇಳಿದಿದ್ದರೆ ಗೋದಾಮಿನಲ್ಲಿ ಬಹುಕಾಲ ಕೂತದ್ದಿರಬಹುದು. ಸೀರಿಯಲ್ ನಂಬರ್ ಹಾಕಿ ವಾರಂಟಿ ಎಂದಿನಿಂದ ಶುರುವಾಗಿದೆ ಎಂದೂ ನೋಡಿ, ಹಿಂದಿನ ದಿನಾಂಕ ಇದ್ದರೆ ಬಿಲ್ ಕಳಿಸಿ ಸರಿಪಡಿಸಲು ಕೇಳಿ. ಅಲ್ಲಿಯವರೆಗೆ ಡಬ್ಬಿಯನ್ನಾಗಲಿ ಒಳಗಿನ ಕವರ್‌ಗಳನ್ನಾಗಲಿ ಎಸೆಯಬೇಡಿ.