ಜೆಸಿಬಿ, ಡಂಪರ್, ಕ್ರೇನ್ ಮಾಡೆಲ್ ಕಲೆಕ್ಷನ್ ಶುರು ಮಾಡೋದು ಹೇಗೆ?

ಜೆಸಿಬಿ ಕೆಲ್ಸ ಮಾಡ್ತಿದ್ರೆ ನಿಂತು ನೋಡದವ್ರು ನಮ್ಮ ಕಡೆ ಯಾರಿದಾರೆ ಹೇಳಿ. ನಾಲೆ ಹೂಳೆತ್ತೋ ಕೆಲ್ಸ ಇರ್ಲಿ, 2023ರಲ್ಲಿ ಉದ್ಘಾಟನೆ ಆದ ಬೆಂಗಳೂರು-ಮೈಸೂರು ಹೈವೇ ಕೆಲ್ಸ ಇದ್ದಿರ್ಲಿ, ಮಂಡ್ಯ ಜನ ವರ್ಷಗಟ್ಲೆ ಈ ಮಷಿನ್‌ಗಳ ಪಕ್ಕದಲ್ಲೇ ಓಡಾಡಿದಾರೆ, ಇನ್ನು ಮೈಸೂರಿನ ಬೆಮೆಲ್‌ನಲ್ಲಂತೂ ಗಣಿಗೆ ಹೋಗೋ ದೊಡ್ಡ ದೊಡ್ಡ ಡಂಪರ್‌ಗಳೇ ತಯಾರಾಗತ್ವೆ. ಹಾಗಾಗಿ ಈ ಮಷಿನ್‌ಗಳ ಸ್ಕೇಲ್ ಮಾಡೆಲ್, ಅಂದ್ರೆ ನಿಜವಾದ ಅಳತೆಯನ್ನ ಒಂದೇ ಲೆಕ್ಕದಲ್ಲಿ ಕುಗ್ಗಿಸಿ ಮಾಡಿದ ಪುಟ್ಟ ಮಾದರಿ, ಕೂಡಿಡೋ ಹವ್ಯಾಸ ನಮ್ಮೂರಿಗೆ ಚೆನ್ನಾಗಿ ಒಪ್ಪತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಸ್ಕೇಲ್ ಫಿಕ್ಸ್ ಮಾಡ್ಕೊಳಿ. ಇದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರೋದು 1:50, ಅಂದ್ರೆ ನಿಜವಾದ ಮಷಿನ್ನಿನ ಒಂದು ಮೀಟರಿಗೆ ಮಾಡೆಲ್‌ನಲ್ಲಿ ಎರಡು ಸೆಂಟಿಮೀಟರು, ಲೆಕ್ಕ ಬಾಯಲ್ಲೇ ಹಾಕ್ಬೋದು. ಸುಮಾರು 6 ಮೀಟರ್ ಉದ್ದದ ಮಾಮೂಲಿ ಜೆಸಿಬಿ 12 ಸೆಂಟಿಮೀಟರ್ ಆಗತ್ತೆ. 363 ಟನ್ ಹೊರೋ ಕ್ಯಾಟರ್‌ಪಿಲ್ಲರ್ 797ಎಫ್ ಡಂಪರ್ ಉದ್ದ ಸುಮಾರು 15 ಮೀಟರ್, ಅದು 30 ಸೆಂಟಿಮೀಟರ್. ಇನ್ನು ಲೀಬರ್ ಕಂಪನಿಯ ಎಲ್‌ಟಿಎಂ 11200 ಕ್ರೇನಿನ ಬೂಮ್, ಅಂದ್ರೆ ಭಾರ ಎತ್ತೋ ಉದ್ದನೇ ತೋಳು, ಪೂರ್ತಿ ಚಾಚಿದ್ರೆ 100 ಮೀಟರ್, 1:50ರಲ್ಲೂ ಅದು ಎರಡು ಮೀಟರ್! ಅದಕ್ಕೇ ಕ್ರೇನ್ ತಗೊಳೋ ಮುಂಚೆ ಮನೇಲಿ ಟೇಪ್ ಹಿಡಿದು ಜಾಗ ಅಳೀರಿ. ಜಾಗ ಕಮ್ಮಿ ಇದೆಯಾ, 1:87 ನೋಡಿ, ಅದ್ರಲ್ಲಿ ಜೆಸಿಬಿ 7 ಸೆಂಟಿಮೀಟರಿಗೆ ಮುಗಿಯತ್ತೆ. ಎರಡನ್ನೂ ಒಂದೇ ಶೆಲ್ಫ್‌ನಲ್ಲಿ ಬೆರೆಸ್ಬೇಡಿ, ಯಾವ ಮಷಿನ್ನು ಎಷ್ಟು ದೊಡ್ಡದು ಅನ್ನೋದೇ ಗೊತ್ತಾಗಲ್ಲ, ಈ ಕಲೆಕ್ಷನ್ನಿನ ಮಜಾ ಇರೋದೇ ಅದ್ರಲ್ಲಿ.

ಆಮೇಲೆ ಒಂದು ಕೆಲಸವನ್ನ ಆರಿಸ್ಕೊಳಿ. ಕಣ್ಣಿಗೆ ಕಂಡಿದ್ದೆಲ್ಲಾ ತಗೊಂಡ್ರೆ ದುಡ್ಡು ಹೋಗತ್ತೆ, ಕಪಾಟು ತುಂಬತ್ತೆ, ಆದ್ರೆ ನೋಡಿದವ್ರಿಗೆ ಏನೂ ಅರ್ಥ ಆಗಲ್ಲ. ಉದಾಹರಣೆಗೆ ರಸ್ತೆ ಕೆಲಸ: ಮಣ್ಣು ತಳ್ಳೋಕೆ ಡೋಜರ್, ತುಂಬೋಕೆ ಹಿಟಾಚಿ, ಸಾಗಿಸೋಕೆ ಟಿಪ್ಪರ್, ಮಟ್ಟ ಮಾಡೋಕೆ ಗ್ರೇಡರ್, ಡಾಂಬರು ಹಾಸೋಕೆ ಪೇವರ್, ಕೊನೇಲಿ ರೋಲರ್. ಇದೇ ಕ್ರಮದಲ್ಲಿ ಒಂದೊಂದಾಗಿ ತಗೊಳಿ, ವರ್ಷಕ್ಕೆ ಒಂದೇ ಆದ್ರೂ ಪರವಾಗಿಲ್ಲ.

ಈಗ ಖರೀದಿ. ಆಟಿಕೆ ಅಂಗಡೀಲಿ ಸಿಗೋ ಎಳೆದು ಬಿಡೋ ಜೆಸಿಬಿಗಳು ಮಕ್ಕಳಿಗೆ ಚೆಂದ, ಆದ್ರೆ ಅವು ಯಾವ ಅಳತೆಗೂ ಸರಿಯಾಗಿ ಕೂರಲ್ಲ. ಕಲೆಕ್ಟರ್‌ಗಳು ಹುಡುಕೋದು ಜರ್ಮನಿಯ ಎನ್‌ಝೆಡ್‌ಜಿ, ಕಾನ್ರಾಡ್ ಥರದ ಹೆಸರುಗಳನ್ನ, ಕ್ಯಾಟರ್‌ಪಿಲ್ಲರ್ ಮಷಿನ್ ಬೇಕಂದ್ರೆ ಡೈಕಾಸ್ಟ್ ಮಾಸ್ಟರ್ಸ್. ಎನ್‌ಝೆಡ್‌ಜಿ 1968ರಿಂದ ನ್ಯೂರೆಂಬರ್ಗ್‌ನಲ್ಲಿದೆ. ಹೊರದೇಶದಿಂದ ತರಿಸೋದಾದ್ರೆ ಮಾಡೆಲ್ ಬೆಲೆ ಒಂದೇ ನೋಡ್ಬೇಡಿ, ಆಟಿಕೆಗಳ ಮೇಲಿನ ಕಸ್ಟಮ್ಸ್ ಡ್ಯೂಟಿ, ಕೊರಿಯರ್ ಚಾರ್ಜು ಎಲ್ಲಾ ಕೂಡಿಸಿ ಆಮೇಲೆ ಆರ್ಡರ್ ಮಾಡಿ.

ಒಳ್ಳೇ ಮಾಡೆಲ್ ಗುರುತಿಸೋದು ಹೀಗೆ. ಡೋಜರ್, ಹಿಟಾಚಿ ಥರದವು ಚಕ್ರದ ಬದ್ಲು ಓಡೋ ಚೈನ್ ರಬ್ಬರ್ ಪಟ್ಟೀನಾ ಇಲ್ಲ ಒಂದೊಂದೇ ಲೋಹದ ಕೊಂಡಿ ಸೇರಿಸಿದ್ದಾ ನೋಡಿ, ಎರಡನೇದಾದ್ರೆ ನೆಲದ ಮೇಲೆ ನಿಜವಾದ ಮಷಿನ್ ಥರಾನೇ ಕೂರತ್ತೆ. ಬೂಮ್ ಎತ್ತಿದ್ರೆ ಸಿಲಿಂಡರ್ ರಾಡು ಹೊರಗೆ ಬರ್ಬೇಕು, ಎತ್ತಿದ ಜಾಗದಲ್ಲೇ ನಿಲ್ಬೇಕು. ಹೈಡ್ರಾಲಿಕ್ ಪೈಪು, ಆಪರೇಟರ್ ಹತ್ತೋ ಮೆಟ್ಟಿಲು, ಕೈಹಿಡಿ, ಕನ್ನಡಿ ಇವೆಲ್ಲಾ ಬಿಡಿಬಿಡಿಯಾಗಿ ಕಾಣ್ಬೇಕು. ಸೆಕೆಂಡ್ ಹ್ಯಾಂಡ್ ಆದ್ರೆ ಇದೇ ಸಣ್ಣ ಭಾಗಗಳು ಮುರಿದಿರತ್ವೆ, ಅಂಟು ಹಾಕಿರೋ ಗುರುತಿದೆಯಾ ಅಂತ ಹತ್ರದ ಫೋಟೋ ಕೇಳಿ, ನಾಚ್ಕೋಬೇಡಿ. ತುಂಬಾ ಹಳೇ ಮಾಡೆಲ್‌ನಲ್ಲಿ ಸಣ್ಣ ಬಿರುಕು, ಉಬ್ಬು, ಸೊಟ್ಟ ಕಂಡ್ರೆ ತಗೋಲೇಬೇಡಿ. ಇವನ್ನ ಎರಕ ಹೊಯ್ಯೋ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ರೆ ಅದು ಒಳಗಿಂದಾನೇ ಸೀಳ್ತಾ ಪುಡಿಯಾಗತ್ತೆ, ರಿಪೇರಿ ಆಗಲ್ಲ.

ಮನೆಗೆ ತಂದ ಮೇಲೆ ಗಾಜಿನ ಬಾಗಿಲಿರೋ ಕಪಾಟು ಬೇಕು, ಬಿಸಿಲು ನೇರ ಬೀಳ್ಬಾರ್ದು, ಬಣ್ಣ ಮಾಸತ್ತೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಧೂಳಿಗೆ ಮೆತ್ತನೆ ಮೇಕಪ್ ಬ್ರಶ್ ಸಾಕು, ಒದ್ದೆ ಬಟ್ಟೆ ಬೇಡ, ನೀರು ಕೀಲುಗಳ ಒಳಗೆ ಉಳಿಯತ್ತೆ. ಎತ್ತುವಾಗ ಬೂಮ್ ಹಿಡಿದು ಎತ್ತಬೇಡಿ, ಕೆಳಗಿನ ಚಾಸಿಗೆ ಕೈ ಕೊಡಿ.

ದಸರಾದಲ್ಲಿ ಗೊಂಬೆ ಕೂರಿಸೋ ಮನೆಯಾದ್ರೆ ಇನ್ನೂ ಒಳ್ಳೇದು. ಪಟ್ಟದ ಗೊಂಬೆ ಮೇಲಿರ್ಲಿ, ಕೆಳಗೆ ಪಾರ್ಕು, ಸಂತೆ, ಝೂ ಮಾಡ್ತೀವಲ್ಲ, ಅದೇ ಸಾಲಲ್ಲಿ ಒಂದು ರಸ್ತೆ ಕೆಲಸ ಮಾಡಿ, ಮಕ್ಕಳು ಅಲ್ಲಿಂದ ಕದಲಲ್ಲ. ಬಿಡಿ ಮರಳು ಮಾತ್ರ ಸುರೀಬೇಡಿ, ಚೈನ್ ಒಳಗೆ ಸೇರಿ ಪೇಂಟ್ ಗೀಚತ್ತೆ. ರಟ್ಟಿನ ಮೇಲೆ ಅಂಟು ಬಳಿದು ಮರಳು ಉದುರಿಸಿ, ಪೂರ್ತಿ ಒಣಗಿದ ಮೇಲೆ ರಟ್ಟು ಕೊಡವಿ ಮಾಡೆಲ್ ಇಡಿ. ಹಬ್ಬ ಮುಗಿದ ಮೇಲೆ ಕಪಾಟಿಗೆ ವಾಪಸ್. ಅದ್ರ ಕಂಪನಿ ಡಬ್ಬಿ, ಥರ್ಮಾಕೋಲು, ಜೊತೇಲಿ ಬಂದ ಚೀಟಿ ಯಾವುದನ್ನೂ ಬಿಸಾಕ್ಬೇಡಿ, ಮುಂದೆ ಮಾರೋಕೋ ಬದ್ಲಾಯಿಸ್ಕೊಳೋಕೋ ಹೋದ್ರೆ ಡಬ್ಬಿ ಇರೋ ಮಾಡೆಲ್‌ಗೆ ಸಿಗೋ ಬೆಲೆನೇ ಬೇರೆ.