ಬರ್ಲಿನ್‌ಗೆ ಕೆಲಸಕ್ಕೆ ಹೊರಟವರಿಗೆ: ಮೊದಲು ಟಪಾಲು ಡಬ್ಬದ ಮೇಲೆ ಹೆಸರು

ಆಫರ್ ಲೆಟರ್ ಕೈಗೆ ಬಂದ ಕೂಡಲೇ ಜಾಕೆಟ್ಟು, ಸೂಟ್‌ಕೇಸಿನ ಲೆಕ್ಕಕ್ಕೆ ಇಳಿಯಬೇಡಿ. ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಎಂಬ ಸಾಲು ನೋಡಿ. ನಮ್ಮ ಕಡೆಯ ಎಷ್ಟೋ ಜನರಿಗೆ ಅದು ಖಾಲಿ. ಊರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲವೂ ಗಿವನ್ ನೇಮ್ ಸಾಲಿನಲ್ಲೇ ಸಾಲಾಗಿ ಕೂತಿರುತ್ತವೆ. ಜರ್ಮನಿಯಲ್ಲಿ ಕರೆಗಂಟೆಯಿಂದ ಹಿಡಿದು ತೆರಿಗೆ ಕಚೇರಿಯವರೆಗೆ ಎಲ್ಲವೂ ನಡೆಯುವುದು ಸರ್‌ನೇಮ್ ಮೇಲೆ. ಬ್ಯಾಂಕಿನಲ್ಲಿ ಒಂದು ಥರ, ಬಾಡಿಗೆ ಕರಾರಿನಲ್ಲಿ ಇನ್ನೊಂದು ಥರ ಆದರೆ ಆಮೇಲೆ ಬಿಡಿಸುವುದು ರಗಳೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟನ್ನು ರೀಇಶ್ಯೂ ಮಾಡಿಸಿ, ಹೆಸರನ್ನು ಎರಡು ಸಾಲಿಗೆ ಬಿಡಿಸಿಕೊಳ್ಳಿ.

ಎರಡನೆಯದು ಡಿಗ್ರಿ. ಬ್ಲೂ ಕಾರ್ಡ್‌ಗೆ, ಅಂದರೆ ಪದವೀಧರ ಉದ್ಯೋಗಿಗಳಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿಗೆ, ಓದಿದ ವಿಶ್ವವಿದ್ಯಾಲಯ, ಪದವಿ ಎರಡೂ ಅನಾಬಿನ್ ಎಂಬ ಜರ್ಮನ್ ಡೇಟಾಬೇಸಿನಲ್ಲಿ ಇರಬೇಕು. ಸಂಸ್ಥೆಯ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯತೆ ಇದೆ, ಎಂದಿರಬೇಕು. ಅಲ್ಲಿ ಕಾಲೇಜಿನ ಹೆಸರು ಹುಡುಕಿ ಸಿಗಲಿಲ್ಲ ಎಂದು ಗಾಬರಿಯಾಗುವವರು ಬಹಳ. ಸರ್ಟಿಫಿಕೇಟ್ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹುಡುಕಬೇಕು. ಅದೂ ಇಲ್ಲದಿದ್ದರೆ ವಿದೇಶಿ ಪದವಿಗಳನ್ನು ಪರಿಶೀಲಿಸುವ ಝಡ್‌ಎಬಿ ಎಂಬ ಜರ್ಮನ್ ಕಚೇರಿಯಿಂದ ಪದವಿಯ ಮೌಲ್ಯಮಾಪನ ಪತ್ರ ತರಿಸಬೇಕು. ಅದಕ್ಕೆ ಕೆಲವು ವಾರ ಹಿಡಿಯುತ್ತದೆ ಎಂದು ಕಂಪನಿಗೆ ಮೊದಲೇ ಹೇಳಿಬಿಡಿ. ಸಂಬಳಕ್ಕೂ ಕನಿಷ್ಠ ಮಿತಿಯಿದೆ: 2025ರಲ್ಲಿ ವರ್ಷಕ್ಕೆ 48,300 ಯೂರೋ, ಐಟಿಯಂಥ ಜನರ ಕೊರತೆಯಿರುವ ವೃತ್ತಿಗಳಿಗೆ 43,759.80 ಇತ್ತು. ಇದು ಪ್ರತಿ ಜನವರಿಗೆ ಬದಲಾಗುವ ಅಂಕಿ.

ಇನ್ನು ಅಸಲಿ ಕಷ್ಟ, ಮನೆ. ಬೆಂಗಳೂರಿನಿಂದಲೇ ಕಾಯಂ ಮನೆ ಹಿಡಿಯಲು ಹೋಗಬೇಡಿ. "ನಾನು ಬೇರೆ ದೇಶದಲ್ಲಿದ್ದೇನೆ, ಡಿಪಾಸಿಟ್ ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ" ಎನ್ನುವವರೆಲ್ಲ ಮೋಸಗಾರರೇ ಎಂದು ತಿಳಿದುಕೊಳ್ಳಿ. ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಸಮೇತದ ತಾತ್ಕಾಲಿಕ ಮನೆ ಹಿಡಿಯಿರಿ. ದುಡ್ಡು ಜಾಸ್ತಿ, ಆದರೆ ಬೇರೆ ದಾರಿಯಿಲ್ಲ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ, ಅದೂ ಬರವಣಿಗೆಯಲ್ಲಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಬಹುದೇ? ಅಂದರೆ ವಿಳಾಸ ನೋಂದಣಿ. ಆಗುವುದಿಲ್ಲ ಎಂದರೆ ಎಷ್ಟೇ ಅಗ್ಗವಾದರೂ ಬಿಡಿ.

ಜಾಹೀರಾತು ಓದುವಾಗ ಕೋಣೆಗಳ ಲೆಕ್ಕ ನಮ್ಮದಲ್ಲ. ಎರಡು ತ್ಸಿಮ್ಮರ್ ಎಂದರೆ ಹಾಲ್ ಸೇರಿ ಎರಡು, ನಮ್ಮ ಒಂದು ಬಿಎಚ್‌ಕೆ. ಕಾಲ್ಟ್‌ಮೀಟೆ ಬರೀ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸದ ಖರ್ಚು ಸೇರಿರುತ್ತದೆ. ಕರೆಂಟು, ಇಂಟರ್‌ನೆಟ್ಟು ಬೇರೆ. ಡಬ್ಲ್ಯುಬಿಎಸ್ ಬೇಕು ಎಂದಿದ್ದರೆ ಅದು ಕಡಿಮೆ ಆದಾಯದವರಿಗೆ ಮೀಸಲು, ಟೌಶ್‌ವೋನುಂಗ್ ಎಂದಿದ್ದರೆ ಮನೆಗೆ ಮನೆ ಅದಲುಬದಲು. ಎರಡನ್ನೂ ದಾಟಿ ಮುಂದೆ ಹೋಗಿ. ಡಿಪಾಸಿಟ್ಟು ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಇದೊಂದು ಸಮಾಧಾನ. ಖಾಲಿ ಮನೆ ಎಂದರೆ ನಿಜಕ್ಕೂ ಖಾಲಿ: ದೀಪದ ಜಾಗದಲ್ಲಿ ತಂತಿ ನೇತಾಡುತ್ತಿರುತ್ತದೆ, ಅಡುಗೆಮನೆಯ ಕಪಾಟುಗಳಿಗೆ ಹಳೆಯ ಬಾಡಿಗೆದಾರ ಬೇರೆ ದುಡ್ಡು ಕೇಳಬಹುದು.

ಸಾಲದ ಇತಿಹಾಸ ಹೇಳುವ ಶೂಫಾ ಪತ್ರ ಕೇಳುತ್ತಾರೆ. ಹೊಸಬರ ಶೂಫಾದಲ್ಲಿ ಏನೂ ಇರುವುದಿಲ್ಲ. ಅದರ ಬದಲು ಕೆಲಸದ ಕರಾರು, ಸಂಬಳದ ಚೀಟಿಗಳು, ಪಾಸ್‌ಪೋರ್ಟ್ ಪ್ರತಿ, ನಿಮ್ಮ ಬಗ್ಗೆ ನಾಲ್ಕು ಸಾಲಿನ ಜರ್ಮನ್ ಪತ್ರ, ಇಷ್ಟನ್ನೂ ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಳ್ಳಿ. ಮನೆ ನೋಡಲು ಇಪ್ಪತ್ತು ಜನ ಮೆಟ್ಟಿಲ ಮೇಲೆ ಸಾಲು ನಿಂತಾಗ ಅಲ್ಲೇ ಕಳಿಸಿದವರಿಗೆ ಅವಕಾಶ ಹೆಚ್ಚು.

ಮನೆ ಸೇರಿದ 14 ದಿನದೊಳಗೆ ಆನ್‌ಮೆಲ್ಡುಂಗ್ ಮಾಡಿಸಬೇಕು ಎನ್ನುತ್ತದೆ ಕಾನೂನು. ಬರ್ಲಿನ್‌ನಲ್ಲಿ ಅಷ್ಟರೊಳಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಸಿಕ್ಕ ತಕ್ಷಣ ಬುಕ್ ಮಾಡಿ. ನಗರದ 12 ಜಿಲ್ಲೆಗಳ ಯಾವ ಬ್ಯೂರ್ಗರ್‌ಆಮ್ಟ್‌ನಲ್ಲಾದರೂ (ನಾಗರಿಕ ಸೇವಾ ಕಚೇರಿ) ನಡೆಯುತ್ತದೆ, ನಿಮ್ಮ ಏರಿಯಾದ್ದೇ ಆಗಬೇಕಿಲ್ಲ. ಯಾರೋ ರದ್ದು ಮಾಡಿದ ಸಮಯ ಮತ್ತೆ ಜಾಲತಾಣಕ್ಕೆ ಬರುತ್ತಿರುತ್ತದೆ, ಬೆಳಗ್ಗೆ ಪುಟ ತೆರೆದಿಟ್ಟುಕೊಂಡು ಆಗಾಗ ರಿಫ್ರೆಶ್ ಮಾಡಿ. ಪಾಸ್‌ಪೋರ್ಟ್, ತುಂಬಿದ ಫಾರ್ಮ್, ನೀವು ಆ ಮನೆಗೆ ಬಂದಿದ್ದೀರಿ ಎಂದು ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ, ಅಂದರೆ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್, ಒಯ್ಯಿರಿ. ಬಾಡಿಗೆ ಕರಾರು ಮಾತ್ರ ತೋರಿಸಿದರೆ ವಾಪಸ್ ಕಳಿಸುತ್ತಾರೆ. ಹೆಂಡತಿ ಅಥವಾ ಗಂಡ ಜೊತೆಗಿದ್ದರೆ ಮದುವೆ ನೋಂದಣಿ ಪತ್ರವೂ ಇರಲಿ.

ಆ ಫಾರ್ಮಿನಲ್ಲಿ ಧರ್ಮ ಎಂಬ ಒಂದು ಸಣ್ಣ ಚೌಕ ಇದೆ. ಮಂಗಳೂರಿನ ಕ್ಯಾಥೊಲಿಕರು ಅದನ್ನು ಬರೀ ಮಾಹಿತಿ ಎಂದುಕೊಂಡು ತುಂಬಿದರೆ ಚರ್ಚ್ ತೆರಿಗೆ ಶುರುವಾಗುತ್ತದೆ: ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಶೇ. 9. ಕೊಡುವುದು, ಬಿಡುವುದು ಅವರವರ ನಂಬಿಕೆಗೆ ಸೇರಿದ್ದು, ತಿಳಿದು ತುಂಬಲಿ.

ನೋಂದಣಿಯಾದ ದಿನವೇ ಟಪಾಲು ಡಬ್ಬದ ಮೇಲೆ, ಕರೆಗಂಟೆಯ ಪಕ್ಕ ನಿಮ್ಮ ಸರ್‌ನೇಮ್ ಅಂಟಿಸಿ. ಫ್ಲಾಟ್‌ಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರು ನೋಡಿಯೇ ಹಾಕುತ್ತಾರೆ, ಕಾಣದಿದ್ದರೆ ಕಾಗದ ವಾಪಸ್. ತಾತ್ಕಾಲಿಕ ಮನೆಯಾದರೂ ಮಾಲೀಕರ ಹೆಸರಿನ ಕೆಳಗೆ ಒಂದು ಚೀಟಿ ಸಾಕು. ಕೆಲವೇ ವಾರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಬರುವುದು ಅಂಚೆಯಲ್ಲೇ. ಅದು ಕಂಪನಿಗೆ ತಲುಪದಿದ್ದರೆ ಆರನೇ ತೆರಿಗೆ ವರ್ಗದಲ್ಲಿ ಸಂಬಳ ಕತ್ತರಿಸಬಹುದು; ಆ ವರ್ಗಕ್ಕೆ ಕಡಿತ ಎಲ್ಲಕ್ಕಿಂತ ಜಾಸ್ತಿ. ಹೆಚ್ಚು ಕತ್ತರಿಸಿದ್ದು ಆಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಡಿಪಾಸಿಟ್ ಕಟ್ಟಬೇಕಾದ ತಿಂಗಳಲ್ಲೇ ಕೈ ಖಾಲಿ. ಬ್ಯಾಂಕ್ ಕಾರ್ಡು, ಅದರ ಪಿನ್ನು ಸಾಮಾನ್ಯವಾಗಿ ಬೇರೆ ಬೇರೆ ಲಕೋಟೆಯಲ್ಲಿ ಇದೇ ಡಬ್ಬಕ್ಕೆ ಬೀಳುತ್ತವೆ. ರೇಡಿಯೊ, ಟಿವಿ ಶುಲ್ಕ ಎಂದು ಮನೆಗೆ ತಿಂಗಳಿಗೆ 18.36 ಯೂರೋ ಕೇಳುವ ಕಾಗದವೂ ಬರುತ್ತದೆ. ಟಿವಿ ಇಲ್ಲ ಎಂದು ಅದನ್ನು ಬಿಸಾಡಬೇಡಿ, ಟಿವಿ ಇಲ್ಲದವರೂ ಕಟ್ಟಬೇಕು.

ಆರೋಗ್ಯ ವಿಮೆಯಲ್ಲಿ ಖಾಸಗಿಯದು ಯುವಕರಿಗೆ ಅಗ್ಗವಾಗಿ ಕಾಣುತ್ತದೆ. ಕುಟುಂಬ ಬರುವುದಿದ್ದರೆ ಸಾರ್ವಜನಿಕ ವಿಮೆಯೇ ಲೇಸು: ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ಒಮ್ಮೆ ಖಾಸಗಿಗೆ ಹೋದರೆ ವಾಪಸ್ ಬರುವುದು ಸುಲಭವಲ್ಲ.

ಸಾಮಾನು ಕಟ್ಟುವಾಗ ಕರಿಬೇವಿನ ಸೊಪ್ಪು, ವೀಳ್ಯದೆಲೆ, ತುಪ್ಪ, ಪೇಡ ಬಿಡಿ. ಯುರೋಪಿಗೆ ಪ್ರಯಾಣಿಕರು ಹೊರಗಿನ ಹಾಲಿನ ಪದಾರ್ಥ ತರುವಂತಿಲ್ಲ, ಹಸಿ ಎಲೆಗಳಿಗೆ ಸಸ್ಯ ಪ್ರಮಾಣಪತ್ರ ಬೇಕು. ಸಾರಿನಪುಡಿ, ಹುಣಸೆ, ರಾಗಿಹಿಟ್ಟು ಧಾರಾಳವಾಗಿ ಬರಲಿ. ಕುಕ್ಕರು ಸ್ಟೀಲಿನದಾಗಿರಲಿ, ಅಂಗಡಿಯಲ್ಲೇ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದಿಲ್ಲ. ದಪ್ಪ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ; ವೋಲ್ಟೇಜ್ ಮಾತ್ರ ನಮ್ಮದೇ, 230.

ಬರ್ಲಿನ್‌ನ ಮನೆಗಳಲ್ಲಿ ಮಲಗುವ ಕೋಣೆಗೂ ಹಜಾರಕ್ಕೂ ಹೊಗೆ ಪತ್ತೆಯಂತ್ರ ಕಡ್ಡಾಯ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲು ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆಯಿರಿ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಹೀಗೆ ಗಾಳಿಯಾಡಿಸಲೇಬೇಕು. ಅನ್ನದ ಹಬೆ ತಣ್ಣನೆಯ ಗೋಡೆಗೆ ಕೂತರೆ ಕಪಾಟಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅದರ ಖರ್ಚು ಡಿಪಾಸಿಟ್ಟಿನಿಂದಲೇ ಹೋಗಬಹುದು.