ಹಾಡುವ ಕೈ, ಕಲ್ಲಿನ ಕೈ: ಸಂಗೀತಗಾರರನ್ನೂ ದೇವರನ್ನೂ ಒಂದೇ ಗೋಡೆಗೆ ತಂದ ಬಗೆ

ಭೀಮಸೇನ ಜೋಶಿಯವರ ತಲೆಯ ಹಿಂದೆ ಒಂದು ಪ್ರಭಾವಳಿ ಅಂಟಿಸಿಬಿಟ್ಟರೆ ನೋಡಲು ಬಂದವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಕೈಮುಗಿದು ಮುಂದೆ ಹೋಗುತ್ತಾರೆ, ಇಲ್ಲವೇ ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. ಹಾಗಾಗಿ ಸಂಗೀತಗಾರರ ಫೋಟೋಗಳನ್ನೂ ದೇವರ ಚಿತ್ರಗಳನ್ನೂ ಜೋಡಿಸುವ ಈ ಪ್ರದರ್ಶನದ ಕೆಲಸ ಶುರುವಾಗುವ ಮೊದಲೇ ಒಂದು ಕಟ್ಟುಪಾಡು ಹಾಕಿಕೊಂಡೆವು: ಎರಡು ಚಿತ್ರ, ಎರಡು ಫ್ರೇಮ್, ನಡುವೆ ಎರಡು ಇಂಚು ಖಾಲಿ ಗೋಡೆ. ಎಡಕ್ಕೆ ಸಂಗೀತಗಾರರು, ಬಲಕ್ಕೆ ದೇವರ ರೂಪ. ಒಂದರ ಮೇಲೆ ಒಂದನ್ನು ಹೇರುವಂತಿಲ್ಲ, ಕಂಪ್ಯೂಟರಿನಲ್ಲಿ ಬೆಸೆಯುವಂತಿಲ್ಲ. ಆ ಎರಡು ಇಂಚನ್ನು ದಾಟುವುದು ನೋಡುವವರ ಕೆಲಸ. ಒಟ್ಟು 12 ಜೋಡಿ, 24 ಫ್ರೇಮ್. ಹೆಚ್ಚಿನವರು ಉತ್ತರ ಕರ್ನಾಟಕದ ಹಿಂದುಸ್ತಾನಿ ಗಾಯಕರು, ಜತೆಗೆ ಮೈಸೂರಿನ ಕೆಲವರು.

ಜೋಡಿ ಕೂಡಿಸುವುದೇ ಅತಿ ಹೆಚ್ಚು ಸಮಯ ತಿನ್ನುವ ಕೆಲಸ. ಮುಖ ಮುಖಕ್ಕೆ ಹೋಲಿಸಲು ಹೋದರೆ ಕ್ಯಾಲೆಂಡರ್ ಚಿತ್ರವಾಗುತ್ತದೆ. ಎರಡು ಪ್ರಶ್ನೆ ಇಟ್ಟುಕೊಂಡು ಹೊರಟರೆ ದಾರಿ ಸಿಗುತ್ತದೆ: ಈ ಗಾಯಕರು ಯಾರನ್ನು ಹಾಡಿದರು? ಹಾಡುವಾಗ ಇವರ ಮೈ ಏನು ಮಾಡುತ್ತಿತ್ತು? ಎರಡರಲ್ಲಿ ಒಂದಕ್ಕಾದರೂ ಬಲಗಡೆಯ ಚಿತ್ರ ಉತ್ತರ ಕೊಡಬೇಕು. ಕೊಡದಿದ್ದರೆ ಚಿತ್ರ ಎಷ್ಟೇ ಚೆಂದವಿರಲಿ, ಬಿಡಬೇಕು.

ಭೀಮಸೇನ ಜೋಶಿಯವರಿಗೆ ಮೊದಲು ಹೊಳೆದದ್ದು ಹಂಪಿಯ ವಿಠ್ಠಲ. ಅವರು ಹಾಡಿದ ದಾಸರ ಪದ, ಮರಾಠಿ ಅಭಂಗಗಳಲ್ಲಿ ಹೆಚ್ಚಿನವು ಅವನ ಹೆಸರಿನವೇ. ಹಂಪಿಯ ವಿಠ್ಠಲ ದೇವಸ್ಥಾನದ ಗರ್ಭಗುಡಿಯಲ್ಲಿ ಈಗ ಮೂರ್ತಿಯಿಲ್ಲ. ಹಾಡುವವರ ಪಕ್ಕದಲ್ಲಿ ಆ ಖಾಲಿ ಗರ್ಭಗುಡಿ ಯೋಚನೆಗೆ ಚೆನ್ನಾಗಿತ್ತು, ಕಣ್ಣಿಗೆ ಮಾತ್ರ ಒಂದು ಕಪ್ಪು ಚೌಕ. ಹತ್ತಡಿ ದೂರದಿಂದ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಕೂತದ್ದು ಬಾದಾಮಿಯ ಒಂದನೇ ಗುಹೆಯ ಹೊರಗಿರುವ ಹದಿನೆಂಟು ಕೈಯ ನಟರಾಜ, 6ನೇ ಶತಮಾನದ್ದು. ಜೋಶಿಯವರು ತಾನ್ (ಸ್ವರಗಳ ವೇಗದ ಓಟ) ಹೊಡೆಯುವಾಗ ಮಂದ ಬೆಳಕಿನಲ್ಲಿ 1/15 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಕೈ ಅಲುಗಿ ಮೂರು ನಾಲ್ಕು ಕೈಯಾಗಿ ಕಾಣುತ್ತದೆ. ಫೋಟೋಗ್ರಾಫರು ಕೆಟ್ಟಿತೆಂದು ಬದಿಗಿಡುವ ಚಿತ್ರ ಅದು. ನಟರಾಜನ ಪಕ್ಕ ಇಟ್ಟಾಗ ಗೊತ್ತಾಗುತ್ತದೆ, ಚಾಲುಕ್ಯರ ಶಿಲ್ಪಿ ಅಲುಗುವ ಕೈಯನ್ನು ನಿಂತ ಕಲ್ಲಿನಲ್ಲಿ ತೋರಿಸಲು ಹದಿನೆಂಟು ಕೈ ಕೆತ್ತಿದ್ದಾನೆ. ಇಡೀ ಗೋಡೆಯಲ್ಲಿ ಜನ ಹೆಚ್ಚು ಹೊತ್ತು ನಿಂತದ್ದು ಈ ಜೋಡಿಯ ಮುಂದೆ.

ಮಲ್ಲಿಕಾರ್ಜುನ ಮನಸೂರರ ಪಕ್ಕ ಗುಡಿಯ ಶಿವನನ್ನು ಇಡುವುದು ತಪ್ಪು. ಅವರು ಹಾಡಿದ ವಚನಗಳಿಗೆ ಸ್ಥಾವರ ಮೂರ್ತಿಗಿಂತ ಅಂಗೈ ಮೇಲಿನ ಇಷ್ಟಲಿಂಗ ಹತ್ತಿರ. ಎಡಗೈ ಅಂಗೈಯಲ್ಲಿ ಲಿಂಗ ಹಿಡಿದು ಪೂಜಿಸುವ ಕೈಯನ್ನು, ಪೂಜೆ ಮಾಡುವವರ ಒಪ್ಪಿಗೆ ಪಡೆದು, ಹೆಗಲ ಹಿಂದಿನಿಂದ ಮುಖ ಕಾಣದಂತೆ ತೆಗೆಯಬೇಕು. ಎಡಗಡೆಗೆ ಮನಸೂರರು ಅಂಗೈ ಮೇಲಕ್ಕೆ ತೆರೆದು ಸ್ವರ ಹಿಡಿದ ಕ್ಷಣ. ಎರಡು ಅಂಗೈ, ಒಂದರಲ್ಲಿ ಲಿಂಗ, ಇನ್ನೊಂದರಲ್ಲಿ ಏನೂ ಇಲ್ಲ.

ಅಬ್ದುಲ್ ಕರೀಂ ಖಾನರ (1872–1937) ಪಕ್ಕಕ್ಕೆ ಯಾವ ಮೂರ್ತಿಯೂ ಸಲ್ಲದು. ಅವರ ಸಮಾಧಿ ಇರುವುದು ಮಿರಜಿನ ಮೀರಾಸಾಹೇಬ ದರ್ಗಾದಲ್ಲಿ. ಆದ್ದರಿಂದ ದರ್ಗಾದ ಬಾಗಿಲು, ಹೊದಿಸಿದ ಚಾದರ, ಅದರ ಮೇಲಿನ ಹೂ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡ ಸೀಮೆಯ ಈ ಗುರುಶಿಷ್ಯರ ಸಾಲನ್ನು ಹಿಂದಕ್ಕೆ ಹಿಡಿದು ಹೋದರೆ ಈ ದರ್ಗಾದ ಬಾಗಿಲಿಗೇ ಬರುತ್ತೇವೆ, ಅದನ್ನು ಗೋಡೆಯಿಂದ ಬಿಡುವ ಪ್ರಶ್ನೆಯೇ ಇಲ್ಲ.

ಗಂಗೂಬಾಯಿಯವರ ಜತೆ ಬೇಲೂರಿನ ಮದನಿಕೆಯನ್ನು ಇಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹಾಡುವ ಹೆಣ್ಣನ್ನು ಕುಣಿಯುವ ಹೆಣ್ಣಾಗಿಯೇ ನೋಡಿದ ಕಾಲದಲ್ಲಿ ಆಕೆ ಅವಮಾನ ಉಂಡು ಬೆಳೆದವರು. ಹಳೇಬೀಡಿನ ಸರಸ್ವತಿ ಕೂಡ ನರ್ತಿಸುವವಳೇ, ಹಾಗಾಗಿ ಪೂರ್ತಿ ಮೂರ್ತಿ ಬಿಟ್ಟು ಅಕ್ಷಮಾಲೆ ಹಿಡಿದ ಕೈಯೊಂದನ್ನೇ ತೆಗೆದೆವು. ಆ ಕೈಯ ಪಕ್ಕ, ಕಿವಿಗೆ ಕೈ ಹಚ್ಚಿ ಹಾಡುವ ಗಂಗೂಬಾಯಿ.

ಗದಗಿನ ಪುಟ್ಟರಾಜ ಗವಾಯಿಗಳದು ಬೇರೆಯೇ ಲೆಕ್ಕ. ಅವರ ಫೋಟೋ ಆಗಲೇ ಮನೆಮನೆಯ ದೇವರ ಜಗಲಿಯ ಮೇಲಿದೆ. ಇಲ್ಲಿ ಸಂಗೀತಗಾರರ ಚಿತ್ರವೇ ಪೂಜೆಯ ಚಿತ್ರ. ಅದೇ ಊರಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯಲ್ಲಿ ಮೂರ್ತಿ ಭಗ್ನವಾಗಿದೆ. ಕಣ್ಣಿಲ್ಲದ ಗುರು ನೂರಾರು ಮಕ್ಕಳಿಗೆ ಸ್ವರ ಕಲಿಸಿದ ಊರಿನಲ್ಲಿ ಭಂಗಗೊಂಡ ಸರಸ್ವತಿ. ಅದನ್ನು ಹಾಗೇ ತೆಗೆಯಬೇಕು, ಮುಕ್ಕಾದ ಭಾಗ ಮರೆಮಾಡಬಾರದು.

ಹಳೆಯ ಫೋಟೋ ಸಂಗ್ರಹಿಸುವಾಗ ಮೊದಲ ಪ್ರಶ್ನೆ ಹಕ್ಕಿನದು. ಫೋಟೋ ಮನೆಯಲ್ಲಿದೆ ಎಂದಮಾತ್ರಕ್ಕೆ ಹಕ್ಕು ಆ ಮನೆಯವರದಾಗುವುದಿಲ್ಲ. ಸಾಮಾನ್ಯವಾಗಿ ಅದು ತೆಗೆದವರದು. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಈಗಿನ ಕಾಯಿದೆಯಲ್ಲಿ ಫೋಟೋಗೆ ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ರಕ್ಷಣೆ ಇದೆ. ಫೋಟೋಗ್ರಾಫರಿಂದಲೂ ಗಾಯಕರ ಮನೆಯವರಿಂದಲೂ ಬೇರೆ ಬೇರೆ ಪತ್ರ ಪಡೆಯಿರಿ. ಪಕ್ಕದ ಫ್ರೇಮಿನಲ್ಲಿ ಯಾವ ದೇವರ ಚಿತ್ರ ಬರುತ್ತದೆ ಎಂಬುದನ್ನು ಆ ಪತ್ರದಲ್ಲಿ ಬರೆದೇ ಸಹಿ ಹಾಕಿಸಿ. ಇದನ್ನು ಬಿಟ್ಟರೆ ಉದ್ಘಾಟನೆಯ ದಿನ ಫ್ರೇಮ್ ಇಳಿಸಬೇಕಾದೀತು.

35 ಎಂಎಂ ನೆಗೆಟಿವ್ ಸಿಕ್ಕರೆ 4000 ಪಿಪಿಐನಲ್ಲಿ (ಇಂಚಿಗೆ 4000 ಪಿಕ್ಸೆಲ್) ಸ್ಕ್ಯಾನ್ ಮಾಡಿ. ಸುಮಾರು 3780×5670 ಪಿಕ್ಸೆಲ್ ಬರುತ್ತದೆ, 240 ಪಿಪಿಐಗೆ ಹಾಕಿದರೆ 16×24 ಇಂಚು. ನಮ್ಮ ಎಲ್ಲ ಪ್ರಿಂಟುಗಳ ಅಳತೆ ನಿಂತದ್ದು ಇದರ ಮೇಲೆಯೇ. ಸ್ಕ್ಯಾನರಿನಲ್ಲಿರುವ ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪು-ಬಿಳುಪು ನೆಗೆಟಿವ್‌ಗೆ ಹಾಕಬೇಡಿ. ಫಿಲ್ಮಿನ ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಚುಕ್ಕೆಗಳನ್ನು ಕೈಯಲ್ಲೇ ತೆಗೆಯಬೇಕು, ಒಂದು ಚಿತ್ರಕ್ಕೆ ಎರಡು ಮೂರು ಗಂಟೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ಹಿಗ್ಗಿಸಲು ಹೋಗಬೇಡಿ, ಅಚ್ಚಿನ ಚುಕ್ಕಿಗಳು ಅಲೆಅಲೆಯಾಗಿ ಏಳುತ್ತವೆ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ: ಎಡ-ಬಲ. ನೆಗೆಟಿವ್ ತಿರುವುಮುರುವಾಗಿ ಕೂತರೆ ಗಾಯಕರು ಎಡಚರಾಗುತ್ತಾರೆ, ಮುಖ ನೋಡಿದರೆ ಗೊತ್ತೇ ಆಗುವುದಿಲ್ಲ. ವಾದ್ಯ ನೋಡಿ. ವೀಣೆಯ ಮೆಟ್ಟಿಲ ಮೇಲೆ ಓಡುವುದು ಎಡಗೈ, ಮೀಟುವುದು ಬಲಗೈ. ತಬಲಾದಲ್ಲಿ ಚಿಕ್ಕದು ನುಡಿಸುವವರ ಬಲಕ್ಕೆ, ದೊಡ್ಡದು ಎಡಕ್ಕೆ; ಎಡಗೈ ವಾದಕರು ಅಪರೂಪ. ಫಿಲ್ಮಿನ ಅಂಚಿನ ಅಕ್ಷರ ಸರಿಯಾಗಿ ಓದಲು ಬಂದರೆ ಸಂಶಯವೇ ಇಲ್ಲ. ಡಿಸೈನ್ ಮಾಡುವವರು ಎರಡು ಮುಖಗಳೂ ಒಂದನ್ನೊಂದು ನೋಡಲಿ ಎಂದು ದೇವರ ಚಿತ್ರವನ್ನೂ ತಿರುಗಿಸಿಬಿಡುತ್ತಾರೆ. ಎಡಮುರಿ ಗಣಪ ಬಲಮುರಿಯಾದರೆ ಅವನ ಪೂಜೆಯ ನಿಯಮವೇ ಬೇರೆ. ವೇಣುಗೋಪಾಲನ ಕೊಳಲು ಅವನ ಎಡಕ್ಕೆ ಹೋದರೆ ಪೂಜೆ ಮಾಡುವ ಅಜ್ಜಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಒಂದು ಚಿತ್ರವನ್ನೂ ತಿರುಗಿಸಬೇಡಿ. ನೋಟ ಕೂಡದಿದ್ದರೆ ಬೇರೆ ಚಿತ್ರ ಹುಡುಕಿ.

ಕಲ್ಲನ್ನು ತೆಗೆಯುವುದು ಬೆಳಕಿನ ಕೆಲಸ. ಪುರಾತತ್ವ ಸರ್ವೇಕ್ಷಣದ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮೊದಲೇ ಅನುಮತಿ ಬೇಕು: ಬಾದಾಮಿಗೆ ಧಾರವಾಡ ವೃತ್ತ, ಹಳೇಬೀಡಿಗೆ ಬೆಂಗಳೂರು ವೃತ್ತ. ಹಳೇಬೀಡಿನ ಬಳಪದ ಕಲ್ಲಿಗೆ ನಯವಾದ ಹೊಳಪಿದೆ. ಎದುರು ಬೆಳಕು ಬಿದ್ದರೆ ಕೆತ್ತನೆ ಮಾಯವಾಗಿ ಬಿಳಿ ಮಚ್ಚೆ ಉಳಿಯುತ್ತದೆ. ಗೋಡೆಯನ್ನು ಸವರಿಕೊಂಡು ಬರುವ ಬೆಳಕು ಬೇಕು. ಗೋಡೆ ಮಡಿಕೆ ಮಡಿಕೆಯಾಗಿರುವುದರಿಂದ ಪ್ರತಿ ಮುಖಕ್ಕೂ ಅದರದ್ದೇ ಹೊತ್ತು, ಹಾಗಾಗಿ ಒಂದು ದಿನ ಕ್ಯಾಮೆರಾ ಇಲ್ಲದೆ ಸುತ್ತಿ ಯಾವ ಮೂರ್ತಿಗೆ ಎಷ್ಟು ಗಂಟೆ ಎಂದು ಬರೆದಿಟ್ಟುಕೊಳ್ಳಿ. ಬಾದಾಮಿಯಲ್ಲಿ ಕೆಂಪು ಬಂಡೆಯಿಂದ ಪುಟಿದ ಬೆಳಕು ನೆರಳಿಗೂ ಕೆಂಪು ಬಳಿಯುತ್ತದೆ. ಮೂರ್ತಿಯ ಹತ್ತಿರ ಬೂದು ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಂಡರೆ ಆಮೇಲೆ ಬಣ್ಣ ಸರಿಮಾಡಬಹುದು. ಲೆನ್ಸ್ 85 ಎಂಎಂ, ಎಫ್/8, ಐಎಸ್‌ಒ 100. ಅಗಲ ಲೆನ್ಸಿನಲ್ಲಿ ಹತ್ತಿರ ಹೋದರೆ ದೇವರ ಕೈಕಾಲು ಉದ್ದವಾಗುತ್ತವೆ. ಫ್ಲ್ಯಾಶ್ ಬೇಡವೇ ಬೇಡ.

ವೀಣೆ ಶೇಷಣ್ಣನವರಿಗೆ (1852–1926) ಜೋಡಿಯಾಗಿ ಬಂದದ್ದು ಮೈಸೂರು ಶೈಲಿಯ ಸರಸ್ವತಿ ಚಿತ್ರ. ಗಾಜಿಲ್ಲದೆ ತೆಗೆಯಬೇಕು. ಲೈಟಿಗೂ ಲೆನ್ಸಿಗೂ ಪೋಲರೈಸರ್ ಫಿಲ್ಟರನ್ನು ಒಂದಕ್ಕೊಂದು ಅಡ್ಡವಾಗಿ ಹಾಕಿದರೆ ಪ್ರತಿಫಲನ ಪೂರ್ತಿ ಹೋಗುತ್ತದೆ, ಆದರೆ ಚಿನ್ನದ ರೇಕು ಕಂದು ಬಣ್ಣದ ಮಣ್ಣಿನಂತಾಗುತ್ತದೆ. ಕ್ಯಾಮೆರಾ ಅಲುಗಿಸದೆ ಎರಡು ಚಿತ್ರ ತೆಗೆಯಿರಿ: ಒಂದು ಪೋಲರೈಸರ್ ಹಾಕಿ, ಇನ್ನೊಂದು ಅದಿಲ್ಲದೆ 45 ಡಿಗ್ರಿಯಿಂದ ಲೈಟ್ ಕೊಟ್ಟು. ಎರಡನೆಯದರಿಂದ ಚಿನ್ನದ ಭಾಗವನ್ನಷ್ಟೇ ತೆಗೆದುಕೊಳ್ಳಿ.

ಪ್ರಿಂಟಿಗೆ 308 ಜಿಎಸ್ಎಂ (ಚದರ ಮೀಟರಿಗೆ 308 ಗ್ರಾಂ) ಹತ್ತಿ ಕಾಗದ, ಹೊಳಪಿಲ್ಲದ್ದು, ಪಿಗ್ಮೆಂಟ್ ಇಂಕು. ಮೊದಲ ಪ್ರಯೋಗದಲ್ಲಿ ಗಾಯಕರು ಕಪ್ಪು-ಬಿಳುಪು, ಕಲ್ಲು ಪೂರ್ಣ ಬಣ್ಣ. ಕಲ್ಲು ಉಸಿರಾಡುತ್ತಿತ್ತು, ಗಾಯಕರು ಶ್ರದ್ಧಾಂಜಲಿಯ ಫೋಟೋದಂತೆ ಕಂಡರು. ಎಲ್ಲವನ್ನೂ ಕಪ್ಪು-ಬಿಳುಪು ಮಾಡಿದರೆ ಬಾದಾಮಿ ಯಾವುದು ಹಳೇಬೀಡು ಯಾವುದು ತಿಳಿಯದು. ಕಲ್ಲಿನ ಬಣ್ಣವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಗಾಯಕರ ಚಿತ್ರಕ್ಕೆ ತುಸು ಬೆಚ್ಚಗಿನ ಛಾಯೆ ಕೊಟ್ಟಾಗ ಎರಡೂ ಒಂದೇ ಮನೆಯವಾದವು. ಮುಖಗಳಿರುವ ಜೋಡಿಯಲ್ಲಿ ಎರಡೂ ಮುಖ ಒಂದೇ ಗಾತ್ರದಲ್ಲಿರಬೇಕು. ದೇವರ ಮುಖ ದೊಡ್ಡದಾದರೆ ಮನುಷ್ಯ ಭಕ್ತನಾಗುತ್ತಾನೆ, ಮನುಷ್ಯನದು ದೊಡ್ಡದಾದರೆ ದೇವರು ಹಿನ್ನೆಲೆಯ ಪರದೆಯಾಗುತ್ತಾನೆ. ಎರಡರಲ್ಲೂ ಕಣ್ಣು ಕಾಗದದ ಕೆಳ ಅಂಚಿನಿಂದ ಒಂದೇ ಅಳತೆಯಲ್ಲಿ ಬರುವಂತೆ ಪ್ರಿಂಟ್ ಮಾಡುವ ಮೊದಲೇ ಕತ್ತರಿಸಿಕೊಳ್ಳಿ. ಕೈಗಳ ಜೋಡಿಯಾದರೆ ಮಣಿಕಟ್ಟು.

ಫ್ರೇಮ್ ಅಂಗಡಿಯಲ್ಲಿ ನೀವೇ ಎದುರು ನಿಲ್ಲಬೇಕು. ಇಲ್ಲದಿದ್ದರೆ ಪ್ರಿಂಟನ್ನು ಕಂದು ಟೇಪಿನಿಂದ ಹಾರ್ಡ್‌ಬೋರ್ಡಿಗೆ ಅಂಟಿಸಿ ಕೊಡುತ್ತಾರೆ, ಕೆಲವೇ ವರ್ಷಕ್ಕೆ ಅಂಚು ಹಳದಿ. ಆಮ್ಲರಹಿತ ಮೌಂಟ್ ಬೋರ್ಡ್, ಮೇಲಂಚಿಗೆ ಮಾತ್ರ ಎರಡು ಕಾಗದದ ಕೀಲು ಗೋದಿ ಗಂಜಿಯ ಅಂಟಿನಲ್ಲಿ, ಕೆಳಗೆ ಪ್ರಿಂಟ್ ಬಿಡುವಾಗಿರಲಿ. ನಾಲ್ಕೂ ಬದಿ ಅಂಟಿಸಿದರೆ ಮಳೆಗಾಲದಲ್ಲಿ ಕಾಗದ ಹಿಗ್ಗಿ ಅಲೆ ಏಳುತ್ತದೆ. ಗಾಜು ಪ್ರಿಂಟಿಗೆ ತಾಗಬಾರದು. ತಾಗಿದರೆ ಧಾರವಾಡದ ಜುಲೈನಲ್ಲಿ ಅಲ್ಲೇ ಬೂಷ್ಟು. ಸುತ್ತ 3 ಇಂಚು ಮೌಂಟ್ ಬಿಟ್ಟರೆ ಫ್ರೇಮಿನ ಅಳತೆ ಹೆಚ್ಚುಕಡಿಮೆ 22×30 ಇಂಚು.

ಒಂದು ಜೋಡಿಗೆ 46 ಇಂಚು, ಜೋಡಿ ಜೋಡಿಯ ನಡುವೆ 32 ಇಂಚು. ಹನ್ನೆರಡು ಜೋಡಿಗೆ 904 ಇಂಚು, ಅಂದರೆ 75 ಅಡಿಗಿಂತ ತುಸು ಹೆಚ್ಚು ಗೋಡೆ. ಕಣ್ಣಿನ ಗೆರೆ ನೆಲದಿಂದ 58 ಇಂಚು. ಚಿತ್ರದ ಕಣ್ಣು ಫ್ರೇಮಿನ ತಳದಿಂದ 20 ಇಂಚಿನಲ್ಲಿದ್ದರೆ ತಳ 38ಕ್ಕೆ, ತಲೆ 68ಕ್ಕೆ. ಡಿ-ರಿಂಗ್ (ಫ್ರೇಮಿನ ಹಿಂದೆ ತೂಗುಹಾಕುವ ಬಳೆ) ತಲೆಯಿಂದ 3 ಇಂಚು ಕೆಳಗಿದ್ದರೆ ಮೊಳೆ 65 ಇಂಚಿಗೆ. ಪ್ರತಿ ಫ್ರೇಮಿಗೆ ಎರಡು ಮೊಳೆ. ಒಂದೇ ಮೊಳೆಗೆ ತಂತಿ ಕಟ್ಟಿ ತೂಗಿದರೆ ಸಂಜೆಯೊಳಗೆ ಒಂದು ಫ್ರೇಮ್ ವಾಲುತ್ತದೆ, ಜೋಡಿಯಲ್ಲಿ ಒಂದು ವಾಲಿದರೂ ಎದ್ದು ಕಾಣುತ್ತದೆ. ಸಾಲಿನ ಕ್ರಮ ಸಂಗೀತಗಾರರ ಹುಟ್ಟಿದ ವರ್ಷದ್ದು: ಶೇಷಣ್ಣ ಮೊದಲು, ಆಮೇಲೆ ಕರೀಂ ಖಾನರು, ಹಾಗೇ ಮುಂದಕ್ಕೆ. ಯಾವ ಘರಾಣೆ (ಹಾಡಿಕೆಯ ಪರಂಪರೆ) ಮೊದಲು, ಯಾವ ದೇವರು ಮೊದಲು ಎಂಬ ಮಾತಿಗೆ ಎಡೆಯಿರುವುದಿಲ್ಲ. ಶೌಚಾಲಯದ ಗೋಡೆ, ಚಪ್ಪಲಿ ಬಿಡುವ ಜಾಗ, ಮೆಟ್ಟಿಲ ಕೆಳಗಿನ ಮೂಲೆಗೆ ಯಾವ ಜೋಡಿಯೂ ಬೇಡ. ಹೆಸರಿನ ಚೀಟಿ ಎರಡು, ಪ್ರತಿ ಫ್ರೇಮಿಗೂ ಅದರದ್ದೇ: ಹೆಸರು, ವರ್ಷ, ಊರು, ಫೋಟೋ ತೆಗೆದವರು. ಎರಡನ್ನೂ ಯಾಕೆ ಜೋಡಿಸಿದೆವೆಂದು ಬರೆದ ಮೂರನೇ ಚೀಟಿಯನ್ನು ತೆಗೆದುಹಾಕಿದೆವು. ಅದಿದ್ದರೆ ಜನ ಚೀಟಿ ಓದಿ ಚಿತ್ರ ಬಿಡುತ್ತಾರೆ.

ಲೈಟು ಗೋಡೆಗೆ 30 ಡಿಗ್ರಿಯಲ್ಲಿ ಬೀಳಬೇಕು. ಹತ್ತಡಿ ಎತ್ತರದ ಛಾವಣಿಯಾದರೆ ಗೋಡೆಯಿಂದ ಸುಮಾರು ಮೂರು ಅಡಿ ದೂರ. ಇನ್ನೂ ಹತ್ತಿರ ತಂದರೆ ಫ್ರೇಮಿನ ನೆರಳು ಗಾಯಕರ ಹಣೆಗೆ ಬರುತ್ತದೆ, ದೂರ ಒಯ್ದರೆ ನೋಡುವವರ ತಲೆಯ ನೆರಳು ಬೀಳುತ್ತದೆ, ಗಾಜಿನಲ್ಲಿ ಬಲ್ಬೂ ಕಾಣುತ್ತದೆ. ಬೆಳಕಿನ ಅಳತೆ ಹೊಸ ಪ್ರಿಂಟಿಗೆ 150 ಲಕ್ಸ್, ಮನೆಯವರು ಕೊಟ್ಟ ಮೂಲ ಪ್ರಿಂಟ್ ಇಟ್ಟರೆ 50 ಮೀರಬಾರದು. ಬೆಳಕಿನ ಬಣ್ಣ ಒಂದೇ ಇರಲೆಂದು ಜೋಡಿಯ ಎರಡು ಲೈಟೂ ಒಂದೇ ಪೆಟ್ಟಿಗೆಯವಾಗಿರಲಿ.

ಬಾಗಿಲು ತೆರೆದ ಮೇಲೆ ಬರುವುದು ಹೂ. ಪುಟ್ಟರಾಜ ಗವಾಯಿಗಳ ಫ್ರೇಮಿಗೆ ಜನ ಹಣೆ ಹಚ್ಚುತ್ತಾರೆ, ಗಾಜಿನ ಮೇಲೆ ವಿಭೂತಿಯ ಮೂರು ಗೆರೆ ಅಚ್ಚಾಗಿ ಉಳಿಯುತ್ತದೆ. ಬೇಡ ಎನ್ನುವ ಹಕ್ಕು ನಮಗಿಲ್ಲ, ಅಂಥ ಚಿತ್ರ ಇಟ್ಟವರು ನಾವೇ. ಗೋಡೆಯಿಂದ ಎರಡಡಿ ಮುಂದೆ, ಮೂರಡಿ ಎತ್ತರದ ಒಂದು ಮರದ ಹಲಗೆ, ಅದರ ಮೇಲೆ ಹಿತ್ತಾಳೆ ತಟ್ಟೆ ಇಟ್ಟರೆ ಹೂ ಅಲ್ಲಿಗೆ ಬೀಳುತ್ತದೆ, ಫ್ರೇಮಿನ ಮೂಲೆಗೆ ಸಿಕ್ಕಿಸುವುದಿಲ್ಲ. ಒದ್ದೆ ಹೂ ಫ್ರೇಮಿನ ಸಂದಿಗೆ ಸೇರಿದರೆ ನೀರು ಮೌಂಟಿಗೆ ಇಳಿದು ಕಂದು ಕಲೆ ಹತ್ತುತ್ತದೆ. ಊದಿನಕಡ್ಡಿ ಒಳಗೆ ಬೇಡ, ಉದ್ಘಾಟನೆಯ ದೀಪ ಫ್ರೇಮಿನಿಂದ ಹತ್ತಡಿ ದೂರ. ಕುಂಕುಮ ಬಿದ್ದ ಗಾಜಿಗೆ ನೇರವಾಗಿ ನೀರು ಸಿಂಪಡಿಸಿದರೆ ಕೆಂಪು ನೀರು ಕೆಳ ಅಂಚಿನಿಂದ ಒಳಗೆ ಹೋಗುತ್ತದೆ. ಮೊದಲು ಒಣ ಬಟ್ಟೆ, ಆಮೇಲೆ ಬಟ್ಟೆಗೆ ಹಾಕಿದ ಒಂದೆರಡು ತೊಟ್ಟು ನೀರು, ಒರೆಸುವುದು ಮೇಲಿನಿಂದ ನಡುವಿಗೆ. ತಟ್ಟೆಯ ಹೂವನ್ನು ಪ್ರತಿ ರಾತ್ರಿ ತೆಗೆದು ಗಿಡದ ಬುಡಕ್ಕೆ ಹಾಕಬೇಕು. ಕಸದ ಬುಟ್ಟಿಗೆ ಹಾಕುವುದನ್ನು ಕಂಡರೆ, ಇಟ್ಟವರು ಮರುದಿನ ಬರುವುದಿಲ್ಲ.